ಮೊಳಕ್ಕೊಂದು ಹಸಿರೆಲೆ

ದೇವರಿಗೆ ಮುಡಿಸಿದ ಹೂವಿಗೆ ಕೈ ಹಾಕಬಾರದೆಂದು ಕೋಮಲಳಿಗೆ ಗೊತ್ತಿತ್ತು. ಆದರೂ ಅವಳ ಬಲಗೈ ತಾನಾಗಿ ಮೇಲೆದ್ದು ಆ ಮಲ್ಲಿಗೆ ಮಾಲೆಯನ್ನು ಹಿಡಿದುಕೊಂಡುಬಿಟ್ಟಿತ್ತು.

ಚರ್ಚಿನೊಳಗೆ ಯಾರೂ ಇರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಮುಗಿದುಹೋಗುವಷ್ಟು ಪುಟ್ಟ ಚರ್ಚು. ಸುಣ್ಣದ ಗೋಡೆ, ಮೇಣದ ಬತ್ತಿಯ ವಾಸನೆ, ಹೊಗೆಗೆ ಕಪ್ಪಾದ ತಾಯಿ ಮಗುವಿನ ಪಟ. ಬಾಗಿಲಿನಿಂದ ಮೂರು ಮೆಟ್ಟಿಲಿಳಿದರೆ ಸಮುದ್ರ. ನೀರಿನ ಬೆಳಕು ಒಳಗೆ ಬಂದು ಸೂರಿನ ಮೇಲೆ ಅಲ್ಲಾಡುತ್ತಿತ್ತು. ಇಡೀ ಚರ್ಚು ನೀರಿನಡಿ ಕೂತು ಉಸಿರಾಡುತ್ತಿರುವ ಹಾಗಿತ್ತು.

ಅವಳು ಗಂಟುಗಳ ಮೇಲೆ ಬೆರಳಾಡಿಸಿದಳು. ಎರಡು ಹೂವು ಆ ಕಡೆ, ಎರಡು ಈ ಕಡೆ, ನಡುವೆ ದಾರದ ಒಂದು ಸುತ್ತು, ಒಂದು ಎಳೆತ. ಸೂಜಿ ಮುಟ್ಟದ ಕಟ್ಟು.

ಬೆಳಿಗ್ಗೆ ದೊಡ್ಡ ಬಂದರಿನಲ್ಲಿ ಹೂ ಮಾರುವ ಹೆಂಗಸರನ್ನು ಅವಳು ನಿಂತು ನೋಡಿದ್ದಳು. ಎಲ್ಲರೂ ಸೂಜಿಯಿಂದ ಚುಚ್ಚಿ ಪೋಣಿಸುತ್ತಿದ್ದರು. ಗ್ರೀಸ್ ದೇಶದ ಈ ದ್ವೀಪದಲ್ಲಿ, ಲಿಮಾನಿ ಎನ್ನುವ ಈ ಮೀನುಗಾರರ ಹಳ್ಳಿಯಲ್ಲಿ, ಬೆರಳಲ್ಲೇ ಹೂ ಕಟ್ಟುವವರು ಯಾರಿದ್ದಾರೆ?

ಹಡಗಿನ ಅಡುಗೆಯವನಾಗಿದ್ದ ಅವಳ ಅಣ್ಣ ರಾಜೇಂದ್ರ ಏಳು ವರ್ಷದ ಹಿಂದೆ ಇದೇ ಊರಿನೆದುರಿನ ನೀರಿನಲ್ಲಿ ಮುಳುಗಿದನೆಂದು ನಂಜನಗೂಡಿನ ಹತ್ತಿರದ ಹೆಡತಲೆ ಊರಿನ ಮನೆಗೆ ಕಾಗದ ಬಂದಿತ್ತು, ಹೆಣ ಬಂದಿರಲಿಲ್ಲ.

ಮಾಲೆಯ ಮಧ್ಯೆ ಒಂದು ಹಸಿರೆಲೆ ಕಾಣಿಸಿತು. ಮೂಸಿದಳು. ಕಾಮಕಸ್ತೂರಿ. ಇನ್ನಷ್ಟು ಹೂವಿನ ಆಚೆಗೆ ಮತ್ತೊಂದು ಎಲೆ. ಅಷ್ಟೇ ದೂರಕ್ಕೆ ಇನ್ನೊಂದು.

ಕೋಮಲ ಎಲೆಯಿಂದ ಎಲೆಗೆ ಬೆರಳು ಜರುಗಿಸಿದಳು.

ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿ. ಆದರೆ ಯಾರ ಮೊಣಕೈ? ನಂಜನಗೂಡಿನ ಹೂವಿನ ಸಾಲಿನಲ್ಲಿ ದಿನಾ ನಡೆಯುವ ಜಗಳವೇ ಅದು. ಆ ಜಗಳ ಸಾಕಾಗಿ ಅವಳ ಅವ್ವ ಮಹದೇವಮ್ಮ ತನ್ನ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದಳು. ಯಾರು ಕಟ್ಟುತ್ತಾರೋ ಅವರ ಕೈಯಳತೆಗೆ ಮೊಳ ಮುಗಿದ ಕಡೆ ಒಂದು ಮರುಗದ ಎಲೆ ಸೇರಿಸಬೇಕು. ಎಲೆ ನೋಡಿ ಕತ್ತರಿಸಬೇಕು, ಮಾತಿಲ್ಲ. ಸುತ್ತ ಹತ್ತು ಹಳ್ಳಿಯಲ್ಲಿ ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ.

ಹೂವಿನ ಮಂಡಿಯ ಚಾಮಯ್ಯ ಕುಕ್ಕೆಗೆ ಕೈಯಿಟ್ಟೊಡನೆ ಯಾರ ಮಾಲೆ ಯಾವುದೆಂದು ಹೇಳಿಬಿಡುತ್ತಿದ್ದ. "ರಾಜೇಂದ್ರಂದು ಮೊದ್ಲು ಕೊಡವ್ವ. ಕೋಮಿ ಮೊಳ ಕಮ್ಮಿ. ಕೈ ಬೆಳುಸ್ಕೊಂಡು ಬರೋಕೇಳು."

ರಾಜೇಂದ್ರನ ಮೊಳ ಅವಳದಕ್ಕಿಂತ ನಾಲ್ಕು ಬೆರಳು ಉದ್ದ.

ಕಣ್ಣು ಮುಚ್ಚಿ ಮೊದಲನೇ ಎಲೆಯನ್ನು ಮೊಣಕೈಗೆ ಒತ್ತಿ, ಮಾಲೆಯನ್ನು ಕೈಯುದ್ದಕ್ಕೂ ಬಿಟ್ಟಳು. ನಾಲ್ಕು ಬೆರಳು ಆಚೆಗೆ ಬರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

ಎರಡನೇ ಎಲೆ ಬೆರಳಿನವರೆಗೂ ಬರಲಿಲ್ಲ. ಅಂಗೈ ಮಧ್ಯದಲ್ಲೇ ನಿಂತಿತು.

"ಏನಮ್ಮ, ಪರದೇಶದ ದೇವರ ಹೂವು ಕದೀತಿದ್ದೀಯ?"

ಬಾಗಿಲಲ್ಲಿ ಕೃಷ್ಣಪ್ರಸಾದ್ ನಿಂತಿದ್ದರು. ಸೋಸಲೆಯವರು, ಟಿ. ನರಸೀಪುರದ ಕೋರ್ಟಿನಲ್ಲಿ ಸರ್ಕಾರಿ ವಕೀಲರಾಗಿ ನಿವೃತ್ತರಾದವರು. ಬಗೆಹರಿಯದ ಮೊಕದ್ದಮೆಗಳನ್ನು ಬೆನ್ನು ಹತ್ತುವುದು ಈಗ ಅವರ ಹವ್ಯಾಸ. ಇಲ್ಲಿ ಯಾರೂ ಚಪ್ಪಲಿ ಕಳಚಿ ಚರ್ಚಿಗೆ ಬರುವುದಿಲ್ಲ ಎಂದು ತಿಳಿದಿದ್ದರೂ ತಮ್ಮ ಬೂಟುಗಳನ್ನು ಹೊರಗೆ ಬಿಟ್ಟಿದ್ದರು. ಒಂದರೊಳಗೆ ಬೆಕ್ಕೊಂದು ತಲೆ ತೂರಿಸಿತ್ತು.

"ಇಲ್ಲ ಸಾ. ಅಳೀತಿವ್ನಿ," ಎಂದಳು ಕೋಮಲ.

ಅವಳು ಹೇಳಿದ್ದನ್ನೆಲ್ಲ ಅವರು ನಡುವೆ ಬಾಯಿ ಹಾಕದೆ ಕೇಳಿದರು. ಒಂದೇ ಸಲ ಇಷ್ಟು ಮಾತಾಡಿದ್ದಕ್ಕೆ ಅವಳಿಗೇ ಬಾಯಿ ಒಣಗಿತು.

"ಹಾಗಾದ್ರೆ ಇದು ನಿಮ್ಮಣ್ಣನ ಕೈಯಲ್ಲ."

"ಅಲ್ಲ ಸಾ. ಮಗೀನ್ ಕೈ. ಆದ್ರೆ ಕಲಿಸ್ದೋರು ನಮ್ಮನೆಯೋರು."

"ಏಳು ವರ್ಷದ ಹಿಂದೆ, ಹಡಗು ಇಲ್ಲಿ ನಿಂತಿದ್ದಾಗ ಯಾರಿಗೋ ಕಲಿಸಿರಬಹುದಲ್ಲ?"

ಕೋಮಲ ತನ್ನ ಅಂಗೈ ಮಧ್ಯದಲ್ಲಿದ್ದ ಎಲೆಯನ್ನು ನೋಡಿದಳು. "ಏಳು ವರ್ಸದಿಂದೆ ಈ ಕೈ ಇನ್ನೂ ಉಟ್ಟೇ ಇರ್ನಿಲ್ಲ ಸಾ."

ಕೃಷ್ಣಪ್ರಸಾದ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಇವತ್ತು ಶುಕ್ರವಾರ," ಎಂದರು. "ನಿಮ್ಮತ್ತಿಗೆಗೆ ಎಷ್ಟೊತ್ತಿಗೆ ಫೋನ್ ಮಾಡ್ತೀನಿ ಅಂದಿದ್ದೀಯ?"

"ನಾಲ್ಕು ಗಂಟೆಗೆ. ಅಲ್ಲಿ ಆರೂವರೆ ಆಯ್ತದೆ."

ಅತ್ತಿಗೆ ಮಧುಶ್ರೀಗೆ ಭಾನುವಾರ ನಂಜನಗೂಡಿನ ಬುದ್ಧ ವಿಹಾರದಲ್ಲಿ ಎರಡನೇ ಮದುವೆ. ಹುಡುಗ ರಾಹುಲ್, ಬನ್ನೂರಿನ ಹತ್ತಿರ ಮೇಷ್ಟ್ರು, ಹೆಂಡತಿ ತೀರಿಕೊಂಡವನು, ಒಳ್ಳೆಯವನು. ಏಳು ವರ್ಷ ಸುದ್ದಿಯಿಲ್ಲದವನನ್ನು ಕಾನೂನು ಸತ್ತವನೆಂದೇ ಎಣಿಸುತ್ತದೆ. ಆದರೆ ಅವ್ವನ ಮನಸ್ಸು ಒಪ್ಪಿರಲಿಲ್ಲ. "ನನ್ ಮಗ ಬದುಕಿದ್ದು ಅವಳಿಗೆ ಇನ್ನೊಬ್ರ ಜೊತೆ ಮದ್ವೆ ಆಗೋದ್ರೆ ಆ ಪಾಪ ಯಾರ್ಗೆ? ಓಗಿ ಕಣ್ಣಲ್ಲಿ ನೋಡ್ಕೊಂಡು ಬಾ," ಎಂದು, ಮುಂಬೈನ ನಾವಿಕರ ಸಂಘ ಕೊಟ್ಟ ಟಿಕೇಟಿನಲ್ಲಿ ಮಗಳನ್ನು ಕಳಿಸಿದ್ದಳು.

ಹೊರಡುವ ದಿನ ಮಧುಶ್ರೀ ಕೇಳಿದ್ದು ಒಂದೇ ಮಾತು. "ಇದ್ರೆ ಅವ್ರೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಅಷ್ಟು ಸಾಕು ಕೋಮಿ."

ಕೋಮಲ ಮಾಲೆಯನ್ನು ಇದ್ದ ಹಾಗೆಯೇ ಪಟದ ಮೇಲೆ ಸರಿಮಾಡಿದಳು. ಅದರ ತುದಿ ಚೌಕಟ್ಟಿನ ಅರ್ಧಕ್ಕೆ ಬಂದು ನಿಂತಿತು. ಕೈ ಮುಗಿದಳು. ಯಾವ ದೇವರಾದರೇನು, ಹೂವು ಮುಟ್ಟಿದ್ದಕ್ಕೆ ಕ್ಷಮೆ ಕೇಳಬೇಕು.

*

ಮಧ್ಯಾಹ್ನದ ಲಿಮಾನಿ ಮಲಗಿತ್ತು.

ಬಿಳಿ ಮನೆಗಳು ಗುಡ್ಡದಿಂದ ಒಂದರ ಹಿಂದೊಂದು ಇಳಿದು ಬಂದು, ನೀರು ಕಂಡು ಬೆದರಿ ನಿಂತಂತಿದ್ದವು. ಕಲ್ಲು ಹಾಸಿದ ಓಣಿಗಳಲ್ಲಿ ಪ್ರತಿ ಕಲ್ಲಿನ ಅಂಚಿಗೂ ಸುಣ್ಣದ ಗೆರೆ ಎಳೆದಿದ್ದರು. ಬೆಳಿಗ್ಗೆ ಮೊದಲ ಸಲ ಕಂಡಾಗ ಯಾರೋ ಊರಿಗೇ ರಂಗೋಲಿ ಹಾಕಿದ್ದಾರೆ ಅನ್ನಿಸಿ ಕೋಮಲ ಅದನ್ನು ತುಳಿಯದೆ ದಾಟಿ ದಾಟಿ ನಡೆದಿದ್ದಳು. ಈಗಲೂ ಹಾಗೆಯೇ ನಡೆದಳು.

ಗಾಳಿ ಬೀಸುತ್ತಲೇ ಇತ್ತು. ಹಗ್ಗದ ಮೇಲೆ ಒಣಹಾಕಿದ ಎಂಟು ಕಾಲಿನ ಮೀನುಗಳು ಕೈ ಬೀಸಿ ಕರೆಯುತ್ತಿದ್ದವು. ಎಲ್ಲ ಕಿಟಕಿಗಳ ನೀಲಿ ಬಾಗಿಲುಗಳೂ ಮುಚ್ಚಿದ್ದವು. ಸಮುದ್ರ ಮಾತ್ರ ಎದ್ದು ಕೂತು ಯಾರಿಗೋ ಕಾಯುತ್ತಿದ್ದ ಹಾಗೆ ಹೊಳೆಯುತ್ತಿತ್ತು. ನಂಜನಗೂಡಿನಲ್ಲಿ ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ಕೂತರೆ ನೀರು ಎಲ್ಲಿಗೋ ಹೋಗುತ್ತಿದೆ ಅನ್ನಿಸುತ್ತದೆ. ಈ ನೀರು ಎಲ್ಲಿಗೂ ಹೋಗುತ್ತಿರಲಿಲ್ಲ. ಬರುತ್ತಿತ್ತು, ಬಂದು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

"ಅಣ್ಣ ಇದನ್ನ ದಿನಾ ನೋಡಿರ್ತಾನೆ," ಎಂದಳು ಮೆಲ್ಲಗೆ.

"ಅವನು ನೋಡಿದ್ನೋ ಇಲ್ವೋ, ನಾನಂತೂ ಮೂರು ದಿನದಿಂದ ಅನ್ನ ನೋಡಿಲ್ಲ," ಎಂದರು ಕೃಷ್ಣಪ್ರಸಾದ್. ಅವರ ಜೇಬಿನಲ್ಲಿ ಸೋಸಲೆಯಿಂದ ತಂದ ಮೆಂತ್ಯದ ಹಿಟ್ಟಿನ ಪೊಟ್ಟಣವಿತ್ತು. "ಬಾ, ಆ ಹೋಟೆಲಿನಲ್ಲಿ ಮೊಸರು ಸಿಗುತ್ತಂತೆ. ಚರ್ಚಿನ ಬೀಗದ ಕೈ ಇರೋದೂ ಅದನ್ನ ನಡೆಸೋ ಅಜ್ಜಿ ಹತ್ರಾನೇ."

ದಡದಲ್ಲಿ ಅವರನ್ನು ಕರೆತಂದ ದೋಣಿ ಅಲ್ಲಾಡುತ್ತಿತ್ತು. ದೋಣಿಯವನು ಸ್ಟಾವ್ರೋಸ್, ನೀಲಿ ಟೋಪಿಯ ದಪ್ಪ ಮನುಷ್ಯ. ಏಳು ವರ್ಷದ ಹಿಂದೆ ರಾಜೇಂದ್ರನನ್ನು ಹಡಗಿನಿಂದ ದಡಕ್ಕೆ ತರುತ್ತಿದ್ದವನು ಇವನೇ. "ನನ್ನ ಕಣ್ಣೆದುರಿಗೇ ಮುಳುಗಿದ" ಎಂದು ಪೊಲೀಸರಿಗೆ ಬರೆದುಕೊಟ್ಟವನೂ ಇವನೇ. ಆಮೇಲೆ ಈ ಊರು ಬಿಟ್ಟು ಆಚೆಯ ದ್ವೀಪಕ್ಕೆ ಹೋಗಿದ್ದ. ಜಾಗ ತೋರಿಸಲು ಸಾಕ್ಷಿಯೇ ಇರಲಿ ಎಂದು ಕೃಷ್ಣಪ್ರಸಾದ್ ಅವನ ದೋಣಿಯನ್ನೇ ಗೊತ್ತು ಮಾಡಿದ್ದರು. ಬರುವಾಗ ದಾರಿಯುದ್ದಕ್ಕೂ ಅವನು ನಗುತ್ತಾ, ಕೋಮಲಳಿಗೆ ಅಂಜೂರ ತಿನ್ನಲು ಕೊಡುತ್ತಾ ಬಂದಿದ್ದ. ಇವತ್ತು ತಾಯಿಯ ಹಬ್ಬ, ಹುಟ್ಟಿದೂರಿನಲ್ಲಿ ಪಟಕ್ಕೆ ಹೆಗಲು ಕೊಡಬೇಕು ಎಂದಿದ್ದ.

ಈಗ ಅವನು ದೋಣಿಯಲ್ಲಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದ. ಟೋಪಿಯ ಅಂಚಿನ ಕೆಳಗೆ ಕಣ್ಣು ತೆರೆದಿದ್ದುದು ಕೋಮಲಳಿಗೆ ಕಂಡಿತು.

*

ಹೋಟೆಲಿನ ಒಡತಿ ಡೆಸ್ಪಿನಾ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಟ್ಟ ಎಪ್ಪತ್ತರ ಹೆಂಗಸು. ಮೊಸರು, ರೊಟ್ಟಿ, ಎರಡು ಲೋಟ ನೀರು ತಂದಿಟ್ಟಳು. ಅವಳಿಗೆ ಪ್ರವಾಸಿಗಳಿಂದ ಕಲಿತ ಒಡಕು ಇಂಗ್ಲಿಷ್ ಬರುತ್ತಿತ್ತು. ಕೃಷ್ಣಪ್ರಸಾದ್ ಅವಳೊಡನೆ ಮಾತಾಡಿ, ಒಂದೊಂದು ಮಾತನ್ನೂ ಕೋಮಲಳಿಗೆ ಕನ್ನಡದಲ್ಲಿ ಹೇಳುತ್ತಾ ಹೋದರು.

"ಈ ಊರಿನಲ್ಲಿ ಯಾರಾದರೂ ಭಾರತದವನು ಇದ್ದಾನೆಯೇ?"

"ಇಲ್ಲ."

"ಮೊದಲು ಇದ್ದನೇ?"

"ಒಬ್ಬನನ್ನು ಸಮುದ್ರ ತೆಗೆದುಕೊಂಡಿತು. ಅವನಿಗೆ ಬತ್ತಿ ಹಚ್ಚಿದೆವು. ನಿಮ್ಮ ದೋಣಿಯವನನ್ನು ಕೇಳಿ, ಅವನು ಎಲ್ಲ ನೋಡಿದ್ದಾನಲ್ಲ."

ಕೊನೆಯ ಮಾತಿನಲ್ಲಿ ಕಟಕಿ ಇತ್ತು. ಭಾಷೆ ತಿಳಿಯದಿದ್ದರೂ ಅದು ಕೋಮಲಳಿಗೆ ತಾಗಿತು.

ಕೃಷ್ಣಪ್ರಸಾದ್ ರಾಜೇಂದ್ರನ ಫೋಟೋ ಮೇಜಿನ ಮೇಲಿಟ್ಟರು. ಗುರುತಿಲ್ಲದವರು ಫೋಟೋ ಇಟ್ಟರೆ ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಇಲ್ಲವೆಂದು ತಲೆಯಾಡಿಸುತ್ತಾರೆ. ಡೆಸ್ಪಿನಾ ನೋಡದೆಯೇ ತಲೆಯಾಡಿಸಿದಳು. ಒರೆಸಿದ ಮೇಜನ್ನೇ ಮತ್ತೆ ಒರೆಸಲು ಶುರುಮಾಡಿದಳು.

"ಮೊಸರು ಚೆನ್ನಾಗಿದೆ ಅಂತ ಹೇಳ್ತೀನಿ, ಇನ್ನೇನೂ ಬಾಯಿ ಬಿಡೋ ಹಾಗೆ ಕಾಣಲ್ಲ," ಎಂದರು ಕೃಷ್ಣಪ್ರಸಾದ್.

ಕೋಮಲ ಬಾಗಿಲ ಕಡೆ ನೋಡುತ್ತಿದ್ದಳು. ಹೊಸ್ತಿಲ ಎರಡೂ ಪಕ್ಕ ಎಣ್ಣೆ ಡಬ್ಬಗಳಲ್ಲಿ ಗಿಡ ಬೆಳೆಸಿದ್ದರು. ಎಡಕ್ಕೆ ಕಾಮಕಸ್ತೂರಿ. ಬಲಕ್ಕೆ ಮಲ್ಲಿಗೆ. ಮಲ್ಲಿಗೆಯ ತುದಿಗಳನ್ನು ಯಾರೋ ಚಿವುಟಿದ್ದರು. ಹೂ ಹೆಚ್ಚು ಬಿಡಲೆಂದು ಅವ್ವ ಚಿವುಟುವ ರೀತಿಯಲ್ಲೇ, ಎರಡನೇ ಗೆಣ್ಣಿನ ಮೇಲೆ.

ಜನರ ಮುಂದೆ ಮಾತಾಡಬೇಕೆಂದರೆ ಅವಳಿಗೆ ಮೊದಲಿನಿಂದಲೂ ನಾಲಿಗೆ ಏಳುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೂ ಅದಕ್ಕೇ. ಆದರೆ ಕೈಗೆ ಯಾವ ಭಯವೂ ಇರಲಿಲ್ಲ. ಅವಳು ಎದ್ದು ಹೋಗಿ ಹೊಸ್ತಿಲ ಮೇಲೆ ಕೂತಳು. ಒಂದು ಹಿಡಿ ಮೊಗ್ಗು ಬಿಡಿಸಿ ಸೆರಗಿಗೆ ಹಾಕಿಕೊಂಡಳು. ಚೀಲದಿಂದ ದಾರ ತೆಗೆದು, ಲೋಟದ ನೀರಿನಲ್ಲಿ ಅದ್ದಿ, ಕಟ್ಟತೊಡಗಿದಳು.

ಎರಡು ಆ ಕಡೆ, ಎರಡು ಈ ಕಡೆ. ಒಂದು ಸುತ್ತು, ಒಂದು ಎಳೆತ.

ಹಿಂದೆ ಮೇಜು ಒರೆಸುತ್ತಿದ್ದ ಡೆಸ್ಪಿನಾಳ ಕೈ ನಿಂತುಹೋಯಿತು.

ಒಳಗಿನ ಮಹಡಿಯ ಮೆಟ್ಟಿಲ ಮೇಲೆ ಸಣ್ಣದೊಂದು ಸದ್ದು ಕೇಳಿಸಿತು. ಘಲ್. ಮತ್ತೆ ಘಲ್. ಆರು ವರ್ಷದ ಹುಡುಗಿ, ಬಿಸಿಲಿಗೆ ಕೂದಲು ಹುಲ್ಲಿನ ಬಣ್ಣಕ್ಕೆ ತಿರುಗಿದವಳು, ಬರಿಗಾಲಲ್ಲಿ ಇಳಿದು ಬಂದಳು. ಅವಳ ಬೆರಳುಗಳು ಒದ್ದೆಯಾಗಿದ್ದವು.

"ಕತೀನಾ," ಎಂದಳು ಡೆಸ್ಪಿನಾ, ಮೊಮ್ಮಗಳನ್ನು ಗದರುವ ದನಿಯಲ್ಲಿ.

ಹುಡುಗಿಗೆ ಕೇಳಿಸಲಿಲ್ಲ. ಅವಳು ಕೋಮಲಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಯನ್ನೇ ನೋಡಿದಳು. ಸ್ವಲ್ಪ ಹೊತ್ತು ನೋಡಿ, ದಾರ ತನ್ನದೇ ಎನ್ನುವ ಹಾಗೆ ಕೋಮಲಳ ಬೆರಳಿಂದ ಬಿಡಿಸಿಕೊಂಡು, ಎರಡು ಆ ಕಡೆ, ಎರಡು ಈ ಕಡೆ ಇಟ್ಟು ಸುತ್ತಿ ಎಳೆದಳು. ಗಂಟು ಸರಿಯಾಗಿ ಕೂತಿತು. ಹೂವು ನಲುಗಲಿಲ್ಲ.

ಇಬ್ಬರೂ ಒಬ್ಬರಾದ ಮೇಲೊಬ್ಬರು ಕಟ್ಟಿದರು. ಗಾಳಿ ಮೊಗ್ಗುಗಳನ್ನು ಉರುಳಿಸುತ್ತಿತ್ತು, ಹುಡುಗಿ ಹೆಕ್ಕಿ ಕೊಡುತ್ತಿದ್ದಳು. ಕೋಮಲಳಿಗೆ ತಾನು ಎಲ್ಲಿದ್ದೇನೆ ಎನ್ನುವುದೇ ಮರೆಯಿತು. ಹೆಡತಲೆಯ ಜಗಲಿಯೇ ತೇಲಿಕೊಂಡು ಬಂದು ಈ ಕಡಲ ಅಂಚಿಗೆ ತಗುಲಿದೆ ಅನ್ನಿಸಿತು.

ಮಾಲೆ ಸಾಕಷ್ಟು ಉದ್ದವಾದಾಗ ಹುಡುಗಿ ಅದನ್ನು ತನ್ನ ಮೊಣಕೈಗೆ ಹಿಡಿದು ನಡುಬೆರಳ ತುದಿಗೆ ಎಳೆದಳು. ಡಬ್ಬದಿಂದ ಒಂದು ಕಾಮಕಸ್ತೂರಿ ಎಲೆ ಕಿತ್ತು ಅಲ್ಲಿಗೆ ಸೇರಿಸಿದಳು. ಆಮೇಲೆ ಕೋಮಲಳ ಮುಖ ನೋಡಿ, ಸ್ಪಷ್ಟವಾಗಿ, ಅವ್ವ ಹೇಳುವ ಹಾಗೆಯೇ ಹೇಳಿದಳು.

"ಮೊಳ."

ಕೃಷ್ಣಪ್ರಸಾದ್ ಚಮಚೆಯನ್ನು ಬಟ್ಟಲಿಗೆ ಹಾಕಿದರು.

"ಅಜ್ಜಿ, ಇದಕ್ಕೇನು ಹೇಳ್ತೀರಿ?" ಎಂದು ಕನ್ನಡದಲ್ಲೇ ಕೇಳಿ, ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಕೇಳಿದರು.

ಡೆಸ್ಪಿನಾ ಕುರ್ಚಿ ಎಳೆದುಕೊಂಡು ಕೂತಳು. ಅವಳು ಕೃಷ್ಣಪ್ರಸಾದರನ್ನು ನೋಡಲಿಲ್ಲ. ಕೋಮಲಳನ್ನು, ಅವಳ ಹುಬ್ಬನ್ನು, ಗಲ್ಲವನ್ನು ನೋಡಿದಳು.

"ತಂಗಿಯೇ?"

ಕೋಮಲ ಹೌದೆಂದು ತಲೆಯಾಡಿಸಿದಳು.

"ನೀರಿನಿಂದ ಬಂದ," ಎಂದಳು ಡೆಸ್ಪಿನಾ. "ಚರ್ಚಿನ ಹಿಂದಿನ ಬಂಡೆಯ ಮೇಲೆ ಬಿದ್ದಿದ್ದ. ತಲೆಯ ಹಿಂದೆ ಏಟಾಗಿತ್ತು. ನಾನು ಒಳಗೆ ತಂದೆ. ಯಾರು ಕೇಳಿಕೊಂಡು ಬಂದರೂ ಸಮುದ್ರ ತೆಗೆದುಕೊಂಡಿತು ಅನ್ನು ಎಂದ. ತಾಯಿಯ ಪಟದ ಮುಂದೆ ಮಾತು ಕೊಟ್ಟೆ. ಇಲ್ಲೇ ಅಡುಗೆ ಮಾಡಿಕೊಂಡಿದ್ದ. ಊರಿಗೆ ಗೊತ್ತು, ಊರು ಹೇಳಲಿಲ್ಲ."

"ತಲೆಯ ಹಿಂದೆ ಏಟು ಹೇಗಾಯಿತು?"

ಡೆಸ್ಪಿನಾ ಎದ್ದು ಹೋಗಿ ದಡದ ಕಡೆಯ ಕಿಟಕಿಯನ್ನು ಮುಚ್ಚಿದಳು. ಮುಚ್ಚುವ ಮೊದಲು ಒಂದು ಕ್ಷಣ ಅಲ್ಲಿದ್ದ ದೋಣಿಯನ್ನು ನೋಡಿದ್ದು ಕೋಮಲಳಿಗೆ ಕಂಡಿತು.

"ನೀವು ಬೇರೆ ದೋಣಿಯಲ್ಲಿ ಬರಬೇಕಿತ್ತು," ಎಂದಳು.

"ಈಗ ಅವನೆಲ್ಲಿ?"

"ಹೋದ. ಮೇ ತಿಂಗಳಲ್ಲಿ. ಹೇಳದೆ ಹೋದ." ಅವಳ ಕೈ ಮತ್ತೆ ಮೇಜು ಒರೆಸತೊಡಗಿತು.

ಕೋಮಲ ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಹುಡುಗಿಯ ಕಾಲಿಗೆ ಹೋಗಿ ಅಲ್ಲೇ ಕಚ್ಚಿಕೊಂಡಿತ್ತು.

ಬೆಳ್ಳಿಯ ಕಾಲ್ಗೆಜ್ಜೆ. ಕಪ್ಪಾಗಿತ್ತು. ಬಲಗಾಲಿನದರಲ್ಲಿ ಒಂದು ಗೆಜ್ಜೆ ಉದುರಿಹೋಗಿ, ಅದರ ಜಾಗದಲ್ಲಿ ಕೆಂಪು ಮಣಿಯೊಂದನ್ನು ಕಪ್ಪು ದಾರದಿಂದ ಹೊಲಿದಿದ್ದರು.

ಆ ಮಣಿಯನ್ನು ಹೊಲಿದದ್ದು ಅವಳೇ.

*

ದಡದ ಟೆಲಿಫೋನ್ ಪೆಟ್ಟಿಗೆಯ ಗಾಜಿನ ಮೇಲೆ ಉಪ್ಪು ಕಟ್ಟಿತ್ತು. ಒಳಗೆ ನಿಂತರೆ ಸಮುದ್ರ ಹಾಲಿನೊಳಗೆ ಕಂಡಂತೆ ಕಾಣುತ್ತಿತ್ತು.

ಕೋಮಲ ನಂಬರುಗಳನ್ನು ಒಂದೊಂದಾಗಿ ಒತ್ತಿದಳು. ಒತ್ತುತ್ತಲೇ ನೆನಪಿಸಿಕೊಂಡಳು. ಎರಡು ವರ್ಷದ ಹಿಂದೆ, ನಂಜನಗೂಡಿನ ಬಜಾರು ಬೀದಿ. ಮಧುಶ್ರೀ ಅತ್ತಿಗೆ ಹಳೇ ಗೆಜ್ಜೆಯ ಜೊತೆಯೊಂದನ್ನು ಆರಿಸಿದ್ದರು. ಒಂದು ಗೆಜ್ಜೆ ಉದುರಿದೆ, ಬೇರೆ ತಗೊಳ್ಳಿ ಎಂದು ಕೋಮಲ ಹೇಳಿದ್ದಳು. "ಇರ್ಲಿ ಬುಡು, ನೀನೊಂದು ಮಣಿ ಒಲ್ಕೊಡು. ಬನ್ನೂರಲ್ಲಿ ನಮ್ ಚಿಕ್ಕವ್ವನ ಮೊಮ್ಮಗೀಗೆ," ಎಂದಿದ್ದರು ಅತ್ತಿಗೆ.

ಎರಡು ವರ್ಷದ ಹಿಂದೆ. ಅಣ್ಣ ಸತ್ತನೆಂದು ಕಾಗದ ಬಂದು ಆಗಲೇ ಐದು ವರ್ಷವಾಗಿತ್ತು.

ಒಂದೇ ರಿಂಗಿಗೆ ಮಧುಶ್ರೀ ಎತ್ತಿಕೊಂಡಳು. ಹಿಂದೆ ಯಾರೋ ಬಿದಿರು ಕಟ್ಟುವ ಸದ್ದು, ಮಕ್ಕಳ ಕೂಗು. ಚಪ್ಪರ ಹಾಕುತ್ತಿದ್ದರು.

"ಕೋಮಿ? ಏಳವ್ವ."

"ಅತ್ತಿಗೆ, ಇಲ್ಲಿ ಒಂದು ಮಗು ಅದೆ. ನಮ್ಮಂಗೇ ಊವ ಕಟ್ತದೆ. ಮೊಳಕ್ಕೊಂದು ಎಲೆ ಇಟ್ಟು."

ಬಿದಿರಿನ ಸದ್ದು ದೂರವಾಯಿತು. ಮಧುಶ್ರೀ ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಹಿತ್ತಲ ಬಾಗಿಲಿನ ಕಿರುಗುಟ್ಟು ಕೋಮಲಳಿಗೆ ಕೇಳಿಸಿತು.

"ಕಾಲ್ಗೆಜ್ಜೆ ಇನ್ನೂ ಆಯ್ತದಾ ಅವಳ್ಗೆ?" ಎಂದು ಮಧುಶ್ರೀ ಕೇಳಿದಳು. "ಬಿಗಿ ಆಗಿರ್ಬೇಕು."

ಕೋಮಲ ಗಾಜಿಗೆ ಒರಗಿಕೊಂಡಳು.

"ಎಷ್ಟು ದಿನದಿಂದ ಗೊತ್ತು ಅತ್ತಿಗೆ?"

"ಮೂರು ವರ್ಸ ಆಯ್ತು. ಕಾಗ್ದ ಬತ್ತಿತ್ತು. ಚಾಮಯ್ಯನ ಮಂಡಿ ಅಡ್ರೆಸ್ಸಿಗೆ, ನನ್ ಎಸ್ರಿಗೆ. ಯಾರ್ಗೂ ಏಳ್ಬೇಡ, ಏಳಿದ್ರೆ ನಾನು ನಿಜವಾಗ್ಲೂ ಸಾಯ್ತೀನಿ ಅಂತ ಬರ್ದಿದ್ರು. ಯಾಕೆ ಅಂತ ಬರೀನಿಲ್ಲ. ಆ ಮಗೀನ ಇಚಾರಾನೇ ಬರೀತಿದ್ರು ಎಲ್ಲಾನು."

"ಅವ್ವ ದಿನಾ ಅಳ್ತಿತ್ತಲ್ಲ. ನೀವು ಪಕ್ಕದಲ್ಲೇ ಕೂತಿರ್ತಿದ್ರಿ."

"ಕೂತಿರ್ತಿದ್ದೆ ಕಣೆ," ಎಂದಳು ಮಧುಶ್ರೀ. ಅವಳ ದನಿಯಲ್ಲಿ ಸಮಜಾಯಿಷಿ ಇರಲಿಲ್ಲ. "ನಾನೂ ಅಳ್ತಿದ್ದೆ."

"ಹಂಗಿದ್ರೆ ಈ ಮದ್ವೆ?"

"ಮೇ ತಿಂಗ್ಳಿಂದ ಕಾಗ್ದ ಬಂದಿಲ್ಲ ಕೋಮಿ. ಒಂ​ದೂ ಇಲ್ಲ. ಏಳು ವರ್ಸದಿಂದ ಅವ್ರು ಕಳ್ದೋಗಿರ್ನಿಲ್ಲ. ಈ ಮೂರು ತಿಂಗ್ಳಿಂದ ಕಳ್ದೋಗವ್ರೆ. ನಾನು ಯಾರ್ನ ಕೇಳ್ಳಿ? ಪೋಲೀಸ್ನೋರ್ನ ಕೇಳಕಾಯ್ತದಾ, ಸತ್ತೋಗಿರೋ ಗಂಡ ಕಾಗ್ದ ಬರೀತಿಲ್ಲ ಅಂತ? ನಾನು ಮದ್ವೆಗೆ ಒಪ್ಕೊಂಡ್ರೆ ತಾನೆ ನಿಮ್ಮವ್ವ ಯಾರ್ನಾದ್ರೂ ಓಗಿ ನೋಡ್ಕೊಂಡು ಬಾ ಅನ್ನೋದು? ಅದ್ಕೇ ಒಪ್ಕೊಂಡೆ."

ಕೋಮಲಳಿಗೆ ರಾಹುಲ್ ಮೇಷ್ಟ್ರ ಮುಖ ಕಣ್ಣ ಮುಂದೆ ಬಂತು. ಹೋದ ವಾರ ಹೊಸ ಅಂಗಿಗೆ ಅಳತೆ ಕೊಟ್ಟು ಬಂದು, ಸಂಕೋಚದಿಂದ ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದು ಹೋಗಿದ್ದರು.

"ಆ ಮೇಷ್ಟ್ರುಗೆ ಏನು ಏಳ್ತೀರಿ?"

"ಗೊತ್ತಿಲ್ಲ." ಮಧುಶ್ರೀ ಒಂದು ಉಸಿರು ಬಿಟ್ಟಳು. "ಅವ್ರೆ ಅಂದ್ರೆ ನಾಳೆ ಬೆಳಗ್ಗೆ ನಾನೇ ಬನ್ನೂರಿಗೆ ಬಸ್ ಅತ್ತಿ ಓಗಿ ಕಾಲು ಇಡ್ಕೋತೀನಿ. ಇಲ್ಲ ಅಂದ್ರೆ..." ಅವಳು ನಿಲ್ಲಿಸಿದಳು. "ಬೆಳಗಾಗೋದ್ರೊಳ್ಗೆ ನಂಗೆ ಏಳು. ಸುಳ್ಳು ಮಾತ್ರ ಏಳ್ಬೇಡ. ಆ ಕೆಲ್ಸ ನಾನೊಬ್ಳು ಮಾಡಿದ್ದು ಸಾಕು."

ಕಾರ್ಡು ಮುಗಿದು ಫೋನು ತಾನಾಗಿ ನಿಂತಿತು.

*

ಸಂಜೆಗೆ ಊರು ಎಚ್ಚರವಾಯಿತು. ಘಂಟೆ ಬಾರಿಸಿತು. ಮುಚ್ಚಿದ್ದ ನೀಲಿ ಕಿಟಕಿಗಳು ಒಂದಾದ ಮೇಲೊಂದು ತೆರೆದುಕೊಂಡವು. ಹೆಂಗಸರು ಕಿಟಕಿಯಲ್ಲಿ ನಿಂತು ಕಾಮಕಸ್ತೂರಿಯ ಚಿಗುರು ಹಿಡಿದುಕೊಂಡರು. ಹಾಲಿನಂಥ ಚಂದ್ರ ಕತ್ತಲಾಗುವ ಮೊದಲೇ ಸಮುದ್ರದಿಂದ ಎದ್ದಿತ್ತು.

"ಇವತ್ತು ಆಗಸ್ಟ್ ಹದಿನೈದು, ನಮ್ಮೂರಲ್ಲಿ ಬಾವುಟ ಹಾರಿಸಿ ಮಿಠಾಯಿ ಹಂಚಿರ್ತಾರೆ," ಎಂದರು ಕೃಷ್ಣಪ್ರಸಾದ್, ಯಾರೋ ಕೈಗಿಟ್ಟ ಸಿಹಿ ರೊಟ್ಟಿಯ ತುಂಡನ್ನು ತಿರುಗಿಸಿ ನೋಡುತ್ತಾ. "ಇದರಲ್ಲಿ ಮೊಟ್ಟೆ ಇರುತ್ತೇನಮ್ಮ?"

ಕೋಮಲ ಓಣಿಯ ಕಡೆ ತಿರುಗಿದಳು. ಪಟ ಬರುತ್ತಿತ್ತು.

ನಾಲ್ವರು ಹೆಗಲ ಮೇಲೆ ಹೊತ್ತಿದ್ದರು. ಮುಂದಿನ ಬಲಗಡೆಯ ಕೋಲಿಗೆ ಸ್ಟಾವ್ರೋಸ್. ಟೋಪಿ ತೆಗೆದಿದ್ದ. ಹೊಗೆ, ಹಾಡು, ಬತ್ತಿಯ ಬೆಳಕು, ಅಲೆಯ ಸದ್ದು ಎಲ್ಲ ಒಂದರೊಳಗೊಂದು ಕರಗಿದ್ದವು. ತಾಯಿ ತೇಲುತ್ತಾ ಬಂದಳು.

ಅವಳ ಕೊರಳಿನಿಂದ ಮಲ್ಲಿಗೆ ಮಾಲೆ ಇಳಿದಿತ್ತು. ಚೌಕಟ್ಟಿನ ಅಂಚು ದಾಟಿ ಕೆಳಗೆ ತೂಗಾಡುತ್ತಿತ್ತು.

ಮಧ್ಯಾಹ್ನ ಅದು ಅರ್ಧಕ್ಕೆ ನಿಂತಿತ್ತು.

ಪಟ ಎದುರಿಗೆ ಬಂದಾಗ ಕೋಮಲ ಎಲೆಗಳನ್ನು ಎಣಿಸಿದಳು. ಮೊದಲ ಮೂರು ಹತ್ತಿರ ಹತ್ತಿರ, ಮಗುವಿನ ಮೊಳ. ಹೂಗಳು ಅರಳಿ ಅಂಚು ಬಾಡಿದ್ದವು. ನಾಲ್ಕನೆಯ ಎಲೆ ದೂರದಲ್ಲಿತ್ತು. ಐದನೆಯದೂ ಅಷ್ಟೇ ದೂರ. ಅಲ್ಲಿನ ಮೊಗ್ಗುಗಳು ಈಗಷ್ಟೇ ಬಾಯಿ ಬಿಡುತ್ತಿದ್ದವು. ಮಧ್ಯಾಹ್ನ ಬಿಡಿಸಿದ ಮೊಗ್ಗು ದೀಪ ಹಚ್ಚುವ ಹೊತ್ತಿಗೆ ಬಾಯಿ ಬಿಡುತ್ತದೆ. ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅಳೆಯಬೇಕಾಗಿಯೂ ಇರಲಿಲ್ಲ. ಹತ್ತು ವರ್ಷ ದಿನಾ ನೋಡಿದ ಮೊಳ ಅದು. ಅವಳದಕ್ಕಿಂತ ನಾಲ್ಕು ಬೆರಳು ಉದ್ದ.

ಮೇ ತಿಂಗಳಲ್ಲಿ ಹೋದ ಎಂದು ಡೆಸ್ಪಿನಾ ಹೇಳಿದ ಹೊತ್ತಿನಲ್ಲಿಯೇ ಅವನು ಕೂತು ಈ ಹೂವು ಕಟ್ಟುತ್ತಿದ್ದ.

ಹುಡುಗಿಯ ಬೆರಳು ಒದ್ದೆಯಾಗಿತ್ತು. ಅವಳು ಮಹಡಿಯಿಂದ ಇಳಿದು ಬಂದಿದ್ದಳು.

ಕೋಮಲ ತಲೆಯೆತ್ತಿದಳು. ಇಡೀ ಊರಿನ ಕಿಟಕಿಗಳು ತೆರೆದಿದ್ದವು. ಡೆಸ್ಪಿನಾಳ ಮನೆಯ ಮಹಡಿಯದೊಂದು ಮಾತ್ರ ಮುಚ್ಚಿತ್ತು. ಅವಳು ನೋಡುತ್ತಿದ್ದಂತೆ ಅದರ ನೀಲಿ ಬಾಗಿಲು ಒಂದು ಗೇಣು ಸರಿಯಿತು. ಒಂದು ಕೈ ಹೊರಗೆ ಬಂತು. ಉದ್ದನೆಯ, ಕಂದು ಬಣ್ಣದ ಕೈ, ಮೊಣಕೈಯವರೆಗೆ. ಅಂಗೈ ಕೆಳಗಾಗಿ ಎರಡು ಸಲ ನಿಧಾನವಾಗಿ ಆಡಿತು.

ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಯಲ್ಲಿ ಹುಲ್ಲಿನ ಮೆದೆಯ ಹಿಂದೆ ಅವಿತುಕೊಂಡು ಅವನು ಹೀಗೆಯೇ ಮಾಡುತ್ತಿದ್ದ. ನೋಡಬೇಡ. ಈ ಕಡೆ ನೋಡಬೇಡ ಕೋಮಿ.

ಅವಳು ಥಟ್ಟನೆ ಕಣ್ಣು ಕೆಳಗಿಳಿಸಿದಳು.

ಎದುರಿಗೆ, ಕೋಲಿನ ಕೆಳಗೆ, ಸ್ಟಾವ್ರೋಸ್ ನಿಂತಿದ್ದ. ಅವನು ಪಟವನ್ನಾಗಲಿ ಜನರನ್ನಾಗಲಿ ನೋಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವನು ನೋಡುತ್ತಿದ್ದುದು ಅವಳನ್ನು, ಅವಳ ಕಣ್ಣು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು. ಅವನ ನೋಟ ಅವಳ ಮುಖದಿಂದ ಎದ್ದು, ಅವಳು ನೋಡಿದ ದಾರಿಯಲ್ಲೇ ಮೆಲ್ಲಗೆ ಏರಿ, ನೀಲಿ ಬಾಗಿಲಿನ ಮೇಲೆ ನಿಂತಿತು.

ಹಾಡು ನಡೆಯುತ್ತಲೇ ಇತ್ತು.

ಸ್ಟಾವ್ರೋಸ್ ಪಕ್ಕದವನಿಗೆ ಏನೋ ಹೇಳಿ, ಕೋಲನ್ನು ಅವನ ಹೆಗಲಿಗೆ ದಾಟಿಸಿ, ಗುಂಪಿನಿಂದ ಹೊರಗೆ ಬಂದ. ಟೋಪಿ ಹಾಕಿಕೊಂಡ. ಸುಣ್ಣದ ಗೆರೆಗಳನ್ನು ತುಳಿಯುತ್ತಾ ಡೆಸ್ಪಿನಾಳ ಮನೆಯ ಕಡೆಗೆ ಮೆಟ್ಟಿಲು ಹತ್ತತೊಡಗಿದ.